ಮೈಕ್‌ಸೆಟ್ ಜಯಪ್ಪನವರು ಕೂತು ಕೇಳಿದ್ದು

ಕೊಡ್ಲಿಪೇಟೆಯ ಜಯಪ್ಪನವರ ಮೈಕು ಕೂಗುವುದಿಲ್ಲ. ಉತ್ತರ ಕೊಡಗಿನಲ್ಲಿ ಮದುವೆ ಗೊತ್ತಾದ ಮನೆಗಳಲ್ಲಿ ಅಡುಗೆಯವರ ಹೆಸರಿನ ಜೊತೆಗೇ ಬರುವ ಮಾತು ಇದು. ಮಾತಾಡುವವರು ಮೈಕನ್ನು ಬಾಯಿಗೆ ಒತ್ತಿಕೊಂಡರೂ, ಮೈಕು ಹಿಡಿದು ಸ್ಪೀಕರ್ ಬಾಕ್ಸಿನ ಮುಂದೆಯೇ ಹೋಗಿ ನಿಂತರೂ ಅದು ಕುಂಯ್ ಎನ್ನುವುದಿಲ್ಲ. ಯಾರೂ ಮಾತಾಡದೆ ಇರುವಾಗ ಸುಮ್ಮನಿರುತ್ತದೆ. ಈ ಎರಡನೆಯದೇ ಕಷ್ಟದ್ದು ಎಂದು ಜಯಪ್ಪ ಹೇಳುತ್ತಾರೆ. ಹಾಡುವ ಬಾಕ್ಸು ಯಾರ ಹತ್ತಿರವೂ ಇರುತ್ತದೆ. ಸುಮ್ಮನಿರುವ ಬಾಕ್ಸು ಬೇಕಾದರೆ ಅರ್ಥಿಂಗ್ ಸರಿಯಿರಬೇಕು, ಪಿನ್ನಿನ ಬೆಸುಗೆ ಸರಿಯಿರಬೇಕು, ಕರೆಂಟಿನ ವೈರೂ ಮೈಕಿನ ವೈರೂ ಒಂದರ ಪಕ್ಕ ಒಂದು ಮಲಗಿರಬಾರದು. ಯಾವ ಕಲ್ಯಾಣ ಮಂಟಪದ ಯಾವ ಪ್ಲಗ್ಗಿನಲ್ಲಿ ಎಂಥ ಕರೆಂಟು ಬರುತ್ತದೆಂದು ಅವರಿಗೆ ಬಾಯಿಪಾಠ.

ಅಂಗಡಿಯ ಹೆಸರು ಸರ್ವಮಂಗಳ ಸೌಂಡ್ಸ್. ಅದು ಹೆಂಡತಿಯ ಹೆಸರು. "ನನ್ನ ಹೆಸರು ಬಾಕ್ಸಿನ ಮೇಲೆಲ್ಲ ಬರೆಸಿದಾರೆ. ನಾನು ಬಾಯಿ ತೆಗೆದ್ರೆ ಮಾತ್ರ ವಾಲ್ಯೂಮ್ ಕಮ್ಮಿ ಮಾಡು ಅಂತಾರೆ" ಎನ್ನುವುದು ಸರ್ವಮಂಗಳ ಅವರ ಹಳೆಯ ದೂರು. ನೆಂಟರ ಮುಂದೆ ಈ ದೂರು ಹೇಳುವಾಗ ಅವರ ಮುಖದಲ್ಲಿ ಒಂದು ಬಗೆಯ ಹೆಮ್ಮೆಯಿರುತ್ತದೆ.

ಅವರಿಗೆ ಒಬ್ಬಳೇ ಮಗಳು, ವಿನುತಾ. ಕುಶಾಲನಗರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಓಮ್ನಿ ವ್ಯಾನಿನಲ್ಲಿ ಮದುವೆಗಳಿಗೆ ಹೋಗಿ, ವೈರು ಸುತ್ತುವುದನ್ನು ಅಕ್ಷರಕ್ಕಿಂತ ಮೊದಲು ಕಲಿತಳು. ಮೊಳಕೈಗೆ ಹಾಕಿ ಬಿಗಿದು ಸುತ್ತಬಾರದು, ಒಳಗಿನ ಎಳೆ ಮುರಿಯುತ್ತದೆ. ಅಂಗೈಯಲ್ಲಿ ಸಡಿಲ ಸುರುಳಿ ಮಾಡಬೇಕು. ಅವಳು ಸ್ಕೂಲಲ್ಲಿ ಕುಣಿದಾಗ, ಕಾಲೇಜಲ್ಲಿ ಭಾಷಣ ಮಾಡಿದಾಗ, ಅವಳ ಎದುರಿಗೆ ನಿಂತದ್ದು ಅಪ್ಪನ ಬಾಕ್ಸುಗಳೇ. ಬೇರೆ ಯಾರ ಬಾಕ್ಸಿನ ಮುಂದೆಯೂ ಅವಳು ನಿಂತದ್ದಿಲ್ಲ.

ಕೆಲವು ವರ್ಷಗಳಿಂದ ವಿನುತಾಳಿಗೆ ಒಂದು ಹುಚ್ಚು. ರಜೆ ಬಂದರೆ ಕೈಲಿ ರೆಕಾರ್ಡರ್ ಹಿಡಿದು ತೋಟಗಳಲ್ಲಿ ತಿರುಗುತ್ತಾಳೆ. ಆನೆಗೆಂದು ಕಟ್ಟಿದ ಸೋಲಾರ್ ಬೇಲಿಯ ಟಿಕ್ ಟಿಕ್, ಕಾಫಿ ಮಿಲ್ಲಿನ ಬೆಲ್ಟು, ಹಣ್ಣು ಸುಲಿಯುವ ಪಲ್ಪರು, ಬೇಸಿಗೆಯಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರು. ಇವನ್ನೆಲ್ಲ ತಂದು ಕಂಪ್ಯೂಟರಿಗೆ ಹಾಕಿ, ಎಳೆದು, ಕತ್ತರಿಸಿ, ಒಂದರ ಮೇಲೊಂದು ಹೇರುತ್ತಾಳೆ. ಅವಳಂಥವರು ಅಲ್ಲಲ್ಲಿ ಒಬ್ಬೊಬ್ಬರಿದ್ದಾರೆ. ತಾವು ಮಾಡಿದ್ದನ್ನು ಕ್ಯಾಸೆಟ್ಟಿಗೆ ತುಂಬಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾರೆ.

"ಅಂಡರ್‌ಗ್ರೌಂಡ್ ಮ್ಯೂಸಿಕ್ ಅಂತಾರಮ್ಮ ಇದಕ್ಕೆ."

"ಪೊಲೀಸ್ರು ಹುಡುಕ್ತಾರಾ?" ಎಂದರು ಸರ್ವಮಂಗಳ.

"ಇಲ್ಲ. ಯಾರೂ ಹುಡುಕಲ್ಲ. ಅದಕ್ಕೇ ಅಂಡರ್‌ಗ್ರೌಂಡ್."

ಹೋದ ವರ್ಷ ಮಳೆ ನಿಂತು ಕಾಫಿ ಹಣ್ಣಾಗುವುದಕ್ಕೆ ಮೊದಲು, ಗಾಳಿಬೀಡಿನ ಬೆಳೆಗಾರ ಮುತ್ತ ತಮ್ಮ ಖಾಲಿ ಗೋಡೌನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ವಿನುತಾ ಮತ್ತವಳ ಗೆಳೆಯರಿಗೆ ಬಿಟ್ಟುಕೊಟ್ಟರು. ಮುತ್ತ ಜಯಪ್ಪನವರ ಹಳೆಯ ಗಿರಾಕಿ. ಅವರ ಮದುವೆಗೂ ಮೈಕು ಹಾಕಿದ್ದು ಜಯಪ್ಪನವರೇ. ಮಡಿಕೇರಿ, ಮೈಸೂರು, ಕೋಳಿಕ್ಕೋಡಿನಿಂದ ಒಂದಷ್ಟು ಜನ ಬಂದಿದ್ದರು. ಜಯಪ್ಪ ಬೆಳಿಗ್ಗೆಯೇ ಹೋಗಿ, ಬಾಕ್ಸು ನಿಲ್ಲಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸದ್ದು ಹೊಂದಿಸುವ ಮಿಕ್ಸರಿನ ಹಿಂದೆ ನಿಂತರು.

ವಿನುತಾಳ ಸರದಿ ಬಂತು. ಅವಳು ಮೇಜಿನ ಹಿಂದೆ ಕೂತು ಏನೋ ಒತ್ತಿದಳು. ಬಾಕ್ಸಿನಿಂದ ಗುಂಯ್ ಎಂದು ಶುರುವಾಯಿತು. ಸಣ್ಣಗೆ, ತಗ್ಗಿನಲ್ಲಿ, ಅಂಗಾಲಿಗೆ ಮೊದಲು ಗೊತ್ತಾಗುವ ಹಾಗೆ.

ಜಯಪ್ಪನವರ ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷ ಯಾರ ಮದುವೆಯಲ್ಲೂ ಆಗದ್ದು ಮಗಳ ಎದುರಿಗೇ ಆಗಬೇಕೆ? ಅವರು ಹೊರಗೆ ಓಡಿ, ತೊಟ್ಟಿಯಿಂದ ಒಂದು ಕೊಡ ನೀರು ತಂದು ಅರ್ಥ್ ರಾಡಿನ ಬುಡಕ್ಕೆ ಹುಯ್ದರು. ಒಣ ಮಣ್ಣಿನಲ್ಲಿ ಅರ್ಥಿಂಗ್ ಹಿಡಿಯದಿದ್ದರೆ ಅದೇ ಮದ್ದು. ಒಳಗೆ ಬಂದರೆ ಗುಂಯ್ ಹಾಗೇ ಇತ್ತು, ಇನ್ನಷ್ಟು ದಪ್ಪವಾಗಿತ್ತು. ವೈರು ಬದಲಿಸಿದರು. ನಿಲ್ಲಲಿಲ್ಲ. ಕೊನೆಗೆ ಮಗಳ ಕಡೆಯಿಂದ ಬಂದ ಪಿನ್ನನ್ನೇ ಕಿತ್ತು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಚುಚ್ಚಿ, ತಗ್ಗಿನ ಸದ್ದಿನ ತಿರುಪನ್ನು ಪೂರ್ತಿ ಇಳಿಸಿಬಿಟ್ಟರು. ಗುಂಯ್ ಹೋಯಿತು. ಬೆವರೊರೆಸಿಕೊಂಡು ಮಗಳ ಕಡೆಗೆ ಕೈಯೆತ್ತಿದರು. ಆಯ್ತು, ಇನ್ನು ಶುರು ಮಾಡು.

ವಿನುತಾ ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಆಮೇಲೆ, ಮೇಲೆ ಉಳಿದಿದ್ದ ಬೇಲಿಯ ಒಣ ಟಿಕ್ ಟಿಕ್ಕನ್ನಷ್ಟೇ ಇಟ್ಟುಕೊಂಡು ಹೇಗೋ ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಕೋಳಿಕ್ಕೋಡಿನಿಂದ ಬಂದ ಗಡ್ಡದವರೊಬ್ಬರು ಜಯಪ್ಪನವರ ಎರಡೂ ಕೈ ಹಿಡಿದುಕೊಂಡು, "ಸಾರ್, ಆ ಸೌಂಡ್ ಒಮ್ಮೆಲೇ ಹೋಯಿತಲ್ಲ, ಅಲ್ಲಿ ನನಗೆ ಉಸಿರು ನಿಂತುಹೋಯಿತು" ಎಂದರು.

"ಸಾರಿ ಸಾರ್. ಅರ್ಥಿಂಗ್ ಪ್ರಾಬ್ಲಮ್ಮು. ಸರಿ ಮಾಡಿದೀನಿ."

ಗಡ್ಡದವರು ಅದನ್ನು ದೊಡ್ಡ ತಮಾಷೆಯೆಂದು ತಿಳಿದು ನಗುತ್ತ ಹೋದರು.

ಓಮ್ನಿ ಮಡಿಕೇರಿಯ ಕಡೆ ತಿರುಗಿದ ಮೇಲೆ ವಿನುತಾ ಹೇಳಿದಳು. "ಅಪ್ಪ, ಆ ಗುಂಯ್ ನಾನೇ ಇಟ್ಟಿದ್ದು."

"ಇಟ್ಟಿದ್ದು ಅಂದ್ರೆ?"

"ಅದೇ ಮ್ಯೂಸಿಕ್ಕು. ಮಿಕ್ಕಿದ್ದೆಲ್ಲ ಅದರ ಮೇಲೆ ಕೂರಬೇಕಿತ್ತು. ಮಳೆಗಾಲ ಪೂರ್ತಿ ಅದನ್ನೇ ಮಾಡಿದ್ದೆ."

"ಗುಂಯ್ ಅನ್ನೋದನ್ನ ಯಾರಾದ್ರೂ ಬೇಕು ಅಂತ ಇಡ್ತಾರೇನೆ?"

ಅವಳು ನಕ್ಕಳು. ನಗುತ್ತಲೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಮನೆ ಬರುವವರೆಗೂ ಆ ಮುಖ ಈ ಕಡೆ ತಿರುಗಲಿಲ್ಲ.

ಶಿವರಾತ್ರಿಗೆ ಕೆಲವು ವಾರ ಇರುವಾಗ ವಿನುತಾ ಊರಿಗೆ ಬಂದಳು. ಮಾರ್ಚಿನಲ್ಲಿ ಇನ್ನೊಂದು ಕಾರ್ಯಕ್ರಮವಿದೆ, ಈ ಸಲ ನೆಲ್ಯಹುದಿಕೇರಿಯಲ್ಲಿ, ಹೊಳೆ ಪಕ್ಕದ ಹಳೆಯ ಹೆಂಚಿನ ಗೋಡೌನಿನಲ್ಲಿ ಎಂದಳು.

"ಬಾಕ್ಸು ತರಕ್ಕೆ ಮೈಸೂರಿಂದ ತೇಜಸ್ ಅಂತ ಒಬ್ರು ಇದಾರೆ. ಇಂಥದ್ದಕ್ಕೇ ಮಾಡ್ತಾರೆ."

"ಮೈಸೂರಿಂದ ಯಾಕೆ? ನಾನು ಸತ್ತಿದ್ದೀನಾ?"

"ನೀನೂ ಬರಬಹುದು. ಆದ್ರೆ ಒಂದು ಮಾತು. ಇದು ನಿಂಗೆ ಹಿಡಿಸಿದ್ರೆ ಬಾ. ಮಗಳದ್ದು ಅಂತ ಬರಬೇಡ. ಹಿಡಿಸದೆ ಬಂದ್ರೆ ನಿನ್ನ ಕೈ ಸುಮ್ನಿರಲ್ಲ. ಮತ್ತೆ ರಿಪೇರಿ ಮಾಡ್ತೀಯ."

"ಹಿಡಿಸ್ತು ಅಂತ ಸುಮ್ನೆ ಹೇಳಿದ್ರೆ?"

"ಗೊತ್ತಾಗುತ್ತೆ."

ಗೊತ್ತಾಗುತ್ತದೆಂದು ಜಯಪ್ಪನವರಿಗೂ ಗೊತ್ತಿತ್ತು. ಸದ್ದಿನ ವಿಷಯದಲ್ಲಿ ಅವರು ಅವಳಿಗೆ ಒಂದು ದಿನವೂ ಸುಳ್ಳು ಹೇಳಿದವರಲ್ಲ. ಅವಳ ಗಂಟಲು ಹಾಡಿಗೆ ಆಗುವುದಿಲ್ಲ ಎಂದು ಸ್ಕೂಲಿನಲ್ಲಿದ್ದಾಗಲೇ ಹೇಳಿದವರು ಅವರು. ಅವಳು ಅತ್ತು, ಆಮೇಲೆ ಅದು ನಿಜವೆಂದು ಒಪ್ಪಿಕೊಂಡಿದ್ದಳು. ಅವಳು ಒಂದು ಪೆನ್‌ಡ್ರೈವ್ ಕೊಟ್ಟು ಹೋದಳು. ಅದರಲ್ಲಿ ಮೂರು ತುಣುಕುಗಳಿದ್ದವು. ಹಿಡಿಸದಿದ್ದರೆ, ಮಗಳ ಎದುರಿಗೆ ಮೊದಲ ಸಲ ಬೇರೊಬ್ಬರ ಬಾಕ್ಸು ನಿಲ್ಲುತ್ತದೆ.

ಶನಿವಾರಸಂತೆಯ ಒಂದು ಗೃಹಪ್ರವೇಶಕ್ಕೆ ಹೋಗುವಾಗ ಓಮ್ನಿಯಲ್ಲೇ ಹಾಕಿದರು. ಮೊದಲನೆಯದು ಮೈಕು ಕೂಗಿದ ಹಾಗಿತ್ತು. ಕೂಗಿ ನಿಲ್ಲುವ ಮೈಕಲ್ಲ, ಕೂಗುತ್ತಲೇ ಇರುವ ಮೈಕು. ಹಲ್ಲು ಕಚ್ಚಿಕೊಂಡು ಕೇಳಿದರು. ಎರಡನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಗಾಡಿಯನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಳಿದು, ಸೀಟೆತ್ತಿ ಇಂಜಿನ್ನಿನ ಬೆಲ್ಟು ಮುಟ್ಟಿ ನೋಡಿದರು. ಬೆಲ್ಟು ಸರಿಯಿತ್ತು. ಗಾಡಿ ಆಫ್ ಆಗಿತ್ತು. ಸದ್ದು ಮಾತ್ರ ಬರುತ್ತಲೇ ಇತ್ತು.

ಮನೆಯಲ್ಲಿ ಹಾಕಿದಾಗ ಸರ್ವಮಂಗಳ ಒಳಗಿನಿಂದ ಕೇಳಿದರು. "ರೀ, ಮಿಕ್ಸಿಗೆ ಏನಾಯ್ತು?"

"ಇದು ವಿನುತಂದು."

"ಓ. ಚೆನ್ನಾಗಿದೆ."

"ಹಂಗೆ ಮಗಳದ್ದು ಅಂತ ಹೇಳಂಗಿಲ್ವಂತೆ."

"ಅದು ನಿಮಗೆ ಹಾಕಿದ ಕಂಡೀಶನ್ನು. ನನಗಲ್ಲ."

ದಿನಗಳು ಹೋದವು. ಜಯಪ್ಪ ಗಾಳಿಬೀಡಿನ ಮುತ್ತನವರಿಗೆ ಫೋನು ಮಾಡಿದರು.

"ಎಂಥ ಜಯಪ್ಪಣ್ಣ, ಇದಕ್ಕೆಲ್ಲ ತಲೆಬಿಸಿ ಮಾಡ್ಕೊಳ್ತಾರಾ? ಚೆಂದ ಉಂಟು ಅಂದ್ಬಿಡಿ. ನಾನೂ ಅವತ್ತು ಹಾಗೇ ಅಂದೆ."

"ನಿಮಗೆ ಚೆಂದ ಇತ್ತಾ?"

"ನನಗೆ ನಿದ್ದೆ ಬಂತು ಮಾರಾಯ್ರೆ. ನಿದ್ದೆ ಚೆಂದ ಇತ್ತು." ಮುತ್ತ ನಕ್ಕು, ಆಮೇಲೆ ಕೇಳಿದರು. "ಅಲ್ಲ, ನಮ್ಮ ಕೊಡವರ ವಾಲಗ ಮೊದಲು ಕೇಳಿದಾಗ ನಿಮಗೆ ಹೇಗಾಯ್ತು? ಅದೂ ನಿಮ್ಮ ಕಡೆಯದ್ದಲ್ಲ ಅಲ್ವಾ."

"ವಾಲಗಕ್ಕೆ ಮೈಕು ಬೇಡ. ಅದು ಶುರುವಾದ್ರೆ ನಾನು ಊಟಕ್ಕೆ ಹೋಗ್ತೀನಿ."

"ಇಷ್ಟು ವರ್ಷ ನಮ್ಮ ಮದುವೆಗಳಿಗೆ ಬಂದು ವಾಲಗ ಕೇಳಿಯೇ ಇಲ್ವಾ ನೀವು? ಅದಕ್ಕೆ ಕುಣಿಯದವನು ಕೊಡಗಲ್ಲಿ ಯಾರೂ ಇಲ್ಲ ಅಂದ್ಕೊಂಡಿದ್ದೆ."

ಫೋನು ಇಟ್ಟ ಮೇಲೂ ಆ ಮಾತು ಜಯಪ್ಪನವರ ಹಿಂದೆಯೇ ಬಂತು.

ಶಿವರಾತ್ರಿಯ ಮರುದಿನ ವಿನುತಾ ಎದುರಿಗೆ ಕೂತಳು. ಜಯಪ್ಪ ಗಂಟಲು ಸರಿಮಾಡಿಕೊಂಡು ವರದಿ ಒಪ್ಪಿಸಿದರು. "ಮೊದಲನೇದರಲ್ಲಿ ಹೈ ಜಾಸ್ತಿ, ಕೀಚಲು. ಎರಡನೇದರಲ್ಲಿ ಎಡಗಡೆ ಬಾಕ್ಸು ಬಿಟ್ಟು ಬಿಟ್ಟು ಬರುತ್ತೆ. ಮೂರನೇದು ಪರವಾಗಿಲ್ಲ, ಶುರುವಲ್ಲಿ ಸ್ವಲ್ಪ ಹಿಸ್ಸಿದೆ."

"ಅಪ್ಪ, ನಾನು ಸರ್ವೀಸಿಗೆ ಕೊಟ್ಟಿದ್ದಲ್ಲ."

"ಇರೋದು ಹೇಳಿದೆ."

"ಹೋಗ್ಲಿ, ನನ್ನದು ಬಿಡು. ನಿಂಗೆ ಇಷ್ಟವಾದ ಒಂದು ಹಾಡು ಹೇಳು. ಯಾವುದಾದ್ರೂ. ಹಳೇದು."

ಜಯಪ್ಪ ಬಾಯಿ ತೆರೆದರು. ಹಾಡುಗಳು ಗುಂಪಾಗಿ ನೆನಪಿಗೆ ಬಂದವು. ಬೇಸು ನೋಡಲು ಹಾಕುವುದೊಂದು, ಹೆಂಗಸರ ದನಿಗೆ ಬಾಕ್ಸು ಹೊಂದಿಸಲು ಒಂದು, ತಾಳದ ಸದ್ದು ಹರಿಯುತ್ತದೋ ಇಲ್ಲವೋ ಪರೀಕ್ಷಿಸಲು ಒಂದು. ಸ್ಪ್ಯಾನರು, ಕಟಿಂಗ್ ಪ್ಲೇಯರು, ಟೆಸ್ಟರಿನ ಹಾಗೆ ಎಲ್ಲ ಸಾಲಾಗಿ ನಿಂತವು. ಅವುಗಳ ನಡುವೆ ತಮ್ಮದೆನ್ನುವ ಒಂದಕ್ಕಾಗಿ ಅವರು ಹುಡುಕಿದರು.

"ಬೇಸ್‌ಗೆ ಒಂದು ಇಡ್ತೀನಲ್ಲ, ಅದು..."

"ಅದು ಇಷ್ಟಾನಾ?"

"ಅದು ಬೇಸ್‌ಗೆ ಒಳ್ಳೇದು."

ಸರ್ವಮಂಗಳ ಹಪ್ಪಳದ ತಟ್ಟೆ ಇಡುತ್ತ ಹೇಳಿದರು. "ಇವರನ್ನೇನು ಕೇಳ್ತೀಯ. ನಮ್ಮ ಮದುವೇಲಿ ತಾಳಿ ಕಟ್ಟೋಕೆ ಸ್ವಲ್ಪ ಮುಂಚೆ ಯಾರದೋ ಮೈಕು ಕುಂಯ್ ಅಂತು. ಬಾಸಿಂಗ ಕಟ್ಕೊಂಡು ಕೂತವರು ಎದ್ದೇ ಹೋದ್ರು ವೈರು ನೋಡಕ್ಕೆ. ನಮ್ಮಪ್ಪ ಗಂಡು ಓಡೋದ ಅಂದ್ಕೊಂಡ್ರು. ಇವತ್ತಿನವರೆಗೂ ಒಂದು ಹಾಡನ್ನ ಕೂತು ಕೇಳಿದ್ದು ನಾನು ಕಂಡಿಲ್ಲ. ಬಾಕ್ಸನ್ನ ಕೇಳ್ತಾರೆ, ಹಾಡನ್ನಲ್ಲ."

ತಾಯಿ ಮಗಳು ಇಬ್ಬರೂ ನಕ್ಕರು. ಜಯಪ್ಪನವರೂ ನಕ್ಕರು. ಆದರೆ ಅವರ ಹಪ್ಪಳ ತಟ್ಟೆಯಲ್ಲೇ ಮೆತ್ತಗಾಯಿತು. ಬೇರೆಯವರ ಸಂಗೀತ ಹಿಡಿಸುತ್ತದೋ ಇಲ್ಲವೋ ಹೇಳು ಎಂದರೆ, ಹಿಡಿಸುವುದೆಂದರೆ ಹೇಗಿರುತ್ತದೆ ಎಂಬುದೇ ತಮಗೆ ತಿಳಿಯದು. ಆ ದಿನ ಅವರಿಗೆ ಗೊತ್ತಾದದ್ದು ಇಷ್ಟು.

ವಿನುತಾ ಹೊರಡುವಾಗ, "ಒತ್ತಾಯ ಇಲ್ಲಪ್ಪ. ತೇಜಸ್‌ಗೆ ಈ ವಾರದೊಳಗೆ ಹೇಳಬೇಕು ಅಷ್ಟೆ" ಎಂದಳು.

ಎರಡು ದಿನ ಬಿಟ್ಟು, ಸರ್ವಮಂಗಳ ಸಂಘದ ಮೀಟಿಂಗಿಗೆ ಹೋದ ಹೊತ್ತಿನಲ್ಲಿ, ಜಯಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಬಾಕ್ಸು ನಿಲ್ಲಿಸಿದರು. ಪೆನ್‌ಡ್ರೈವ್ ಹಾಕಿ, ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ಎಳೆದು, ಶೆಡ್ಡಿನ ಆ ತುದಿಗೆ ಹೋಗಿ ಕೂತರು. ಕೈಗಳು ಏನನ್ನೋ ತಿರುಗಿಸಲು ಏಳುತ್ತಿದ್ದವು. ಅವನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಮೊದಲನೆಯದು ಕೂಗಿತು. ಅದು ತಪ್ಪಲ್ಲ, ಮಗಳು ಬೇಕೆಂದೇ ಇಟ್ಟದ್ದು ಎಂದು ತಮಗೆ ತಾವೇ ಹೇಳಿಕೊಂಡು ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಒಂದು ಹೊಸ ಸಂಗತಿ ಹೊಳೆಯಿತು. ಇದರಲ್ಲಿ ತಪ್ಪೇನೂ ಇಲ್ಲ, ಆದರೂ ನನಗೆ ಬೇಡ. ಯಾವ ವೈರು ಬದಲಿಸಿದರೂ ಬೇಡ. ತಪ್ಪಿಲ್ಲದ್ದನ್ನು ಬೇಡ ಎನ್ನಬಹುದೆಂದು ಅವರು ಯಾವತ್ತೂ ಯೋಚಿಸಿರಲಿಲ್ಲ. ಅದರಲ್ಲಿ ಎಂಥದೋ ಒಂದು ಸುಖವಿತ್ತು.

ಎರಡನೆಯದು ಬಂದು ಹೋಯಿತು. ಅದು ತಮ್ಮನ್ನು ಮಾತಾಡಿಸಿತೋ ಇಲ್ಲವೋ ತಿಳಿಯಲಿಲ್ಲ.

ಮೂರನೆಯದು ಹಿಸ್ಸೆಂದು ಶುರುವಾಯಿತು. ಆ ಹಿಸ್ಸು ಒಣ ಮಣ್ಣಿಗೆ ನೀರು ಇಳಿಯುವ ಹಾಗೆ ನಿಧಾನವಾಗಿ ಹರಡಿ, ಶೆಡ್ಡಿನ ಗೋಡೆಗಳು ಎಲ್ಲಿವೆಯೆಂದು ಗೊತ್ತಾಗದ ಹಾಗಾಯಿತು. ಅದರೊಳಗೆ ಏನೋ ಒಂದು ಆಗಾಗ ಬರುತ್ತಿತ್ತು. ಮರದ ತೊಲೆಗೆ ಬೆರಳ ಗಂಟಿನಿಂದ ಹೊಡೆದಂಥ ಸದ್ದು. ಬಂದು, ಹೋಗಿ, ಮತ್ತೆ ಬೇರೆ ಕಡೆಯಿಂದ ಬರುತ್ತಿತ್ತು. ಈಗ ಬರುತ್ತದೆಂದು ಜಯಪ್ಪ ಕಾದರು. ಬರಲಿಲ್ಲ. ಕಾಯುವುದನ್ನು ಬಿಟ್ಟಾಗ ಬಂತು, ಹತ್ತಿರದಿಂದ, ಕಿವಿಯ ಪಕ್ಕದಿಂದಲೇ. ಅವರಿಗೆ ತಿಳಿಯದೆಯೇ ಮುಖ ಅರಳಿತ್ತು. ಅದು ಯಾವುದರ ಸದ್ದು, ಎಲ್ಲಿ ರೆಕಾರ್ಡು ಮಾಡಿದ್ದು ಎಂದು ಕೇಳಿಕೊಳ್ಳಲೂ ಮರೆತರು. ಮುಗಿದಾಗ ಎಡಗಾಲು ಜೋಮು ಹಿಡಿದಿತ್ತು.

ಮತ್ತೆ ಹಾಕಿದರು. ಈ ಸಲ ಆ ಬಡಿತ ಇನ್ನೊಂದಿಷ್ಟು ಎದ್ದು ಕೇಳಲೆಂದು ಮಿಕ್ಸರಿನ ಬಳಿಗೆ ಹೋಗಿ ತಿರುಪಿನ ಮೇಲೆ ಬೆರಳಿಟ್ಟರು. ಇಟ್ಟ ಕೂಡಲೇ ಸಂಗೀತ ಹೊರಟುಹೋಯಿತು. ಉಳಿದದ್ದು ಹೈ, ಮಿಡ್, ಲೋ ತಿರುಪುಗಳು ಮಾತ್ರ. ಬೆರಳು ತೆಗೆದು ಕುರ್ಚಿಗೆ ಮರಳಿದರು. ಅದು ಕೂಡಲೇ ತಿರುಗಿ ಬರಲಿಲ್ಲ. ಬೆದರಿದ ಕರುವಿನ ಹಾಗೆ ದೂರದಲ್ಲೇ ನಿಂತಿದ್ದು, ನಿಧಾನಕ್ಕೆ ಹತ್ತಿರ ಬಂತು.

ಸಂಜೆಯಾಗುವ ಮೊದಲೇ ಮಗಳಿಗೆ ಫೋನು ಮಾಡಿದರು.

"ಮೊದಲನೇದು ನಂಗೆ ಬೇಡ. ತಪ್ಪೇನಿಲ್ಲ ಅದರಲ್ಲಿ. ಬೇಡ, ಅಷ್ಟೆ."

"ಸರಿ."

"ಎರಡನೇದು ಗೊತ್ತಾಗ್ಲಿಲ್ಲ. ಮೂರನೇದು ಹಿಡಿಸ್ತು."

"ಏನು ಹಿಡಿಸ್ತು?"

"ಅದು ಹೇಳಕ್ಕಾಗಲ್ಲ ಮಗ. ಬರುತ್ತೆ ಅಂದ್ಕೊಂಡಲ್ಲಿ ಬರಲ್ಲ. ಹೋಗ್ಲಿ ಅಂತ ಬಿಟ್ರೆ ಬರುತ್ತೆ. ಅದು."

"ಹಂಗಾದ್ರೆ ಬಾ ಅಪ್ಪ." ವಿನುತಾಳ ದನಿ ಬದಲಾಗಿತ್ತು. "ತೇಜಸ್‌ಗೆ ಬೇಡ ಅಂತ ಹೇಳ್ತೀನಿ."

ಈ ಮಾತಿಗಾಗಿಯೇ ಜಯಪ್ಪ ಇಷ್ಟು ದಿನ ಕಾದಿದ್ದರು. ಈಗ ಅದು ಬಂದಾಗ, ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದ ತಮ್ಮ ಬಾಕ್ಸುಗಳನ್ನು ನೋಡಿದರು.

"ಬೇಡ. ಬಾಕ್ಸು ಅವರೇ ತರಲಿ."

"ಯಾಕೆ?"

"ಮಿಕ್ಸರ್ ಮೇಲೆ ಕೈ ಇಟ್ರೆ ನಂಗೆ ಹಾಡು ಕೇಳಲ್ಲ. ಇವತ್ತು ಗೊತ್ತಾಯ್ತು. ನಾನು ಎಲ್ಲರ ಜೊತೆ ಕೂರ್ತೀನಿ." ಹೇಳುವಾಗ ಎದೆಯ ಒಂದು ಮೂಲೆ ಖಾಲಿಯಾಯಿತು. ಆದರೂ ಹೇಳಿದರು.

ಮಾರ್ಚಿನ ಆ ಭಾನುವಾರ ಕಾವೇರಿ ಬತ್ತಿ ಬಂಡೆಗಳು ಎದ್ದಿದ್ದವು. ತೋಟಗಳಲ್ಲಿ ಹೂವರಳಿ, ನೆಲ್ಯಹುದಿಕೇರಿಯ ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ. ಸಾಮಾನಿಲ್ಲದ ಓಮ್ನಿ ತೂಕವಿಲ್ಲದೆ ಎಗರುತ್ತಿತ್ತು. ಸರ್ವಮಂಗಳ ರೇಷ್ಮೆ ಸೀರೆ ಉಟ್ಟಿದ್ದರು. ಗೋಡೌನಿನ ಬಾಗಿಲಲ್ಲೇ ತೇಜಸ್ ಸಿಕ್ಕಿದರು. ಜಯಪ್ಪನವರ ಹೆಸರು ಕೇಳಿದ್ದರೆಂದು ಕಾಣುತ್ತದೆ. "ಸಾರ್, ಒಂದ್ಸಲ ನೋಡಿ ಹೇಳ್ತೀರಾ?" ಎಂದರು.

"ಚೆನ್ನಾಗಿದೆ" ಎಂದು ಜಯಪ್ಪ ನೋಡದೆಯೇ ಹೇಳಿ, ಮೂರನೆಯ ಸಾಲಿಗೆ ಹೋಗಿ ಕೂತರು.

ವಿನುತಾ ಅಪ್ಪನಿಗೆ ಹಿಡಿಸಿದ ಮೂರನೆಯದರಿಂದಲೇ ಶುರು ಮಾಡಿದಳು. ಹೆಂಚಿನ ಸೂರಿನ ಕೆಳಗೆ ಅದು ಶೆಡ್ಡಿಗಿಂತ ಬೇರೆಯೇ ಆಗಿತ್ತು. ಬಡಿತ ಬರುವ ಜಾಗಗಳು ಈಗ ಗೊತ್ತಿದೆಯೆಂದುಕೊಂಡಿದ್ದರು, ಗೊತ್ತಿರಲಿಲ್ಲ. ನಡುವೆ ಸರ್ವಮಂಗಳ ಕಿವಿಯ ಹತ್ತಿರ ಬಂದು, "ಮುಗೀತಾ?" ಎಂದರು.

"ಗೊತ್ತಿಲ್ಲ ಕಣೆ. ಇರು."

ಅದು ಮುಗಿದು, ಕೂಗುವುದು ಶುರುವಾಯಿತು. ಜಯಪ್ಪ ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದರು.

"ಎಲ್ಲಿಗೆ?"

"ಇದು ನಂಗಾಗಲ್ಲ."

"ಮಗಳು ನೋಡ್ತಾಳೆ ರೀ."

"ನೋಡ್ಲಿ."

ಹೊರಗೆ ಮಾವಿನ ಮರದ ಕೆಳಗೆ ಮುತ್ತ ಕಾಫಿ ಲೋಟ ಹಿಡಿದು ನಿಂತಿದ್ದರು. ಗಾಳಿಬೀಡಿನಿಂದ ಬಂದಿದ್ದರು, ನಿದ್ದೆ ಮಾಡಲು ಎಂದು ಅವರೇ ಹೇಳಿದರು. ಇಬ್ಬರೂ ಹೊಳೆಯ ಕಡೆ ನೋಡುತ್ತ ಕಾಫಿ ಕುಡಿದರು. ಕಾರ್ಯಕ್ರಮ ನಡೆಯುವಾಗ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಜಯಪ್ಪನವರಿಗೆ ಇದುವರೆಗೆ ಗೊತ್ತಿರಲಿಲ್ಲ.

ವಿರಾಮಕ್ಕೆ ಜನ ಹೊರಗೆ ಬಂದರು. ಸರ್ವಮಂಗಳ ಸೆರಗು ಸರಿಮಾಡಿಕೊಳ್ಳುತ್ತ ಬಂದು, "ನಂಗೆ ಅದೇ ಸೇರ್ತು ಕಣ್ರೀ, ಕೂಗೋದು. ಯಾಕೋ ಮನಸ್ಸು ಹಗುರ ಆಯ್ತು. ನಿಮ್ಮದು ಬರೀ ಉಸ್ ಅಂತಿತ್ತು" ಎಂದರು.

"ಉಸ್ ಅಲ್ಲ ಅದು. ನೀನು ಸರಿಯಾಗಿ ಕೇಳ್ಲಿಲ್ಲ."

"ಕೇಳಿದೆ. ಎದ್ದು ಹೋದವರು ನೀವು."

ವಿನುತಾ ಇಬ್ಬರ ಮಾತೂ ಕೇಳುತ್ತ ಹಿಂದೆಯೇ ಬಂದು ನಿಂತಿದ್ದಳು. ಹಣೆಯ ಮೇಲೆ ಬೆವರಿತ್ತು. "ಎದ್ದು ಹೋದ್ಯಲ್ಲ ಅಪ್ಪ."

"ಹೇಳಿದ್ನಲ್ಲ, ಬೇಡ ಅಂತ."

"ಹೌದು, ಹೇಳಿದ್ದೀಯ." ಅವಳು ಅಪ್ಪನ ಮುಖಕ್ಕೆ ಮುಖ ಕೊಟ್ಟು ಜೋರಾಗಿ ನಕ್ಕಳು. "ಮುಂದಿನದು ಎರಡನೇದು. ಅದಕ್ಕೂ ಹೊರಗೇ ಇರ್ತೀಯಾ?"

"ಅದು ನಂಗಿನ್ನೂ ಗೊತ್ತಾಗಿಲ್ಲ" ಎಂದ ಜಯಪ್ಪ, ಅರ್ಧ ಕುಡಿದ ಕಾಫಿಯನ್ನು ಮುತ್ತನವರ ಕೈಗೆ ಕೊಟ್ಟು, ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೋ ನೋಡಲು ಎಲ್ಲರಿಗಿಂತ ಮೊದಲು ಒಳಗೆ ಹೋದರು.